ನಿಕಲ್ ತೊಳೆನೀರಿನ ಎಲೆಕ್ಟ್ರೋಡಯಾಲಿಸಿಸ್: ಕರೆಂಟ್ ಇಳೀತಾ ಇದೆ, ಗೊತ್ತಿದ್ದವರು ಹೇಳಿ

ಪ್ರಶ್ನೆ, ಮಾಚೇನಹಳ್ಳಿ: ನಿಕಲ್ ಪ್ಲೇಟಿಂಗ್ ತೊಳೆನೀರು ದಿನಕ್ಕೆ 2000 ಲೀಟರ್, ಲೀಟರಿಗೆ 300 ಮಿಲಿಗ್ರಾಂ ನಿಕಲ್. ಕರೆಂಟ್ ಕೊಟ್ಟು ಮೆಂಬ್ರೇನ್ ಮೂಲಕ ನಿಕಲ್ ಬೇರ್ಪಡಿಸೋಕೆ 50 ಜೋಡಿ ಮೆಂಬ್ರೇನಿನ ಸ್ಟ್ಯಾಕ್ (ಒತ್ತಿ ಜೋಡಿಸಿದ ಕಟ್ಟು) ಇದೆ. ಮೊದಲ ವಾರ ಸರಿಯಿತ್ತು, ಈಗ ಅದೇ ವೋಲ್ಟೇಜಿಗೆ ಅರ್ಧ ಕರೆಂಟ್. ಬಿಚ್ಚಿದರೆ ತೆಳ್ಳಗೆ ಹಸಿರು ಲೋಳೆ.

ಭದ್ರಾವತಿಯಿಂದ: ಅದು ನಿಕಲ್ ಹೈಡ್ರಾಕ್ಸೈಡ್ ಸರ್. ಕ್ಯಾಟಯಾನ್ ಮೆಂಬ್ರೇನಿನಲ್ಲಿ (ನಿಕಲ್‌ನಂಥ ಪ್ಲಸ್ ಚಾರ್ಜಿನ ಅಯಾನು ಬಿಡೋದು), ನಿಕಲ್ ಕಳೆದುಕೊಳ್ಳುವ ನೀರಿನ ಬದಿಗೇ ಕೂತಿದ್ದರೆ ಕರೆಂಟ್ ಮಿತಿ ಮೀರಿದೆ. ಮೆಂಬ್ರೇನಿಗೆ ತಾಗಿದ ನೀರಲ್ಲಿ ಅಯಾನು ಖಾಲಿಯಾದರೆ ನೀರೇ ಒಡೆಯುತ್ತೆ, ಅಲ್ಲಿ ಪಿಎಚ್ ಏರಿ ನಿಕಲ್ ಗಟ್ಟಿಯಾಗುತ್ತೆ. ಲೆಕ್ಕ ನೋಡಿ: ಒಂದು ಆಂಪಿಯರ್-ಗಂಟೆ ಒಂದು ಜೋಡಿಯಲ್ಲಿ ಸಾಗಿಸೋದು ಸುಮಾರು 1.1 ಗ್ರಾಂ ನಿಕಲ್. ನಿಮ್ಮದು ದಿನಕ್ಕೆ 600 ಗ್ರಾಂ. 50 ಜೋಡಿ, ದಕ್ಷತೆ ಶೇ 80 ಅಂದರೂ 14 ಆಂಪಿಯರ್-ಗಂಟೆ ಸಾಕು. ಎಂಟು ಗಂಟೆ ಓಡಿಸಿದರೆ ಸರಾಸರಿ 2 ಆಂಪಿಯರ್ ಕೂಡ ಬೇಡ!

ಮಿತಿ ಕಂಡುಹಿಡಿಯೋಕೆ ಬ್ಯಾಚಿನ ಕೊನೆಯ ತೆಳು ನೀರನ್ನೇ ಮಾಮೂಲಿ ಹರಿವಿನಲ್ಲಿ ಓಡಿಸಿ. 2 ವೋಲ್ಟ್‌ನಂತೆ ಏರಿಸುತ್ತಾ, ಪ್ರತಿ ಸಲ ಮೂರು ನಿಮಿಷ ಕಾದು ಕರೆಂಟ್ ಬರೆದುಕೊಳ್ಳಿ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ ಅಂಕಿ ಇಳೀತಾ ಇದ್ದದ್ದು ಎಲ್ಲಿ ಏರೋಕೆ ಶುರುವಾಗುತ್ತೋ ಅದೇ ಮಿತಿ. ಅದರ ಶೇ 70 ದಾಟಬೇಡಿ.

ಸಾಗರ ರಸ್ತೆಯಿಂದ: ಈಗಿರೋ ಲೋಳೆಗೆ ಶೇ 2 ಹೈಡ್ರೋಕ್ಲೋರಿಕ್ ಆಸಿಡ್. 100 ಲೀಟರ್‌ಗೆ ಶೇ 30ರ ಆಸಿಡ್ ಸುಮಾರು 6 ಲೀಟರ್. ನೀರಿಗೆ ಆಸಿಡ್ ಸುರಿಯಿರಿ, ಆಸಿಡ್‌ಗೆ ನೀರಲ್ಲ. ರೆಕ್ಟಿಫೈಯರ್ (ಸ್ಟ್ಯಾಕ್‌ಗೆ ಡಿಸಿ ಕರೆಂಟ್ ಕೊಡೋ ಯಂತ್ರ) ಆಫ್ ಮಾಡಿಯೇ ಅರ್ಧ ಗಂಟೆ ತಿರುಗಿಸಿ, ಇಲ್ಲದಿದ್ದರೆ ಕ್ಲೋರಿನ್ ಬರುತ್ತೆ. ಹಸಿರಾದ ಆ ಆಸಿಡ್ ಚರಂಡಿಗೆ ಬಿಡಲೇಬೇಡಿ, ಅದರಲ್ಲಿರೋದೂ ನಿಕಲ್ಲೇ. ಆಮೇಲೂ ಕರೆಂಟ್ ಪೂರ್ತಿ ಬರದಿದ್ದರೆ ಬ್ರೈಟನರ್ (ಪ್ಲೇಟಿಂಗಿಗೆ ಹೊಳಪು ಕೊಡೋ ರಾಸಾಯನಿಕ) ಮೇಲೆ ಅನುಮಾನ. ಅದು ಆನಯಾನ್ ಮೆಂಬ್ರೇನಿಗೆ (ಮೈನಸ್ ಚಾರ್ಜಿನ ಅಯಾನು ಬಿಡೋದು) ಅಂಟುತ್ತೆ. ಸ್ಟ್ಯಾಕ್‌ಗೆ ಮೊದಲು ಕಾರ್ಬನ್, ಆಮೇಲೆ 5 ಮೈಕ್ರಾನ್ ಕಾರ್ಟ್ರಿಡ್ಜ್ ಇರಲಿ. ಪ್ಲೇಟಿಂಗ್ ದ್ರಾವಣದಿಂದ ಬರೋ ಬೋರಿಕ್ ಆಸಿಡ್‌ಗೆ ತೊಳೆನೀರಿನ ಪಿಎಚ್‌ನಲ್ಲಿ ಚಾರ್ಜ್ ಇಲ್ಲ, ಅದು ನೀರಲ್ಲೇ ಉಳಿಯುತ್ತೆ. ಮರುಬಳಕೆಗೆ ಇದು ನೆನಪಿರಲಿ.

ತೀರ್ಥಹಳ್ಳಿಯಿಂದ: ಪೋಲಾರಿಟಿ ತಿರುಗಿಸಿದರೆ (ಪ್ಲಸ್-ಮೈನಸ್ ಅದಲು ಬದಲು ಮಾಡಿದರೆ) ಕೊಳೆ ಕಡಿಮೆ ಅಂತ ಯಾರಾದರೂ ಹೇಳಬಹುದು. ಎರಡೂ ಎಲೆಕ್ಟ್ರೋಡ್ ಪ್ಲಾಟಿನಂ ಲೇಪದ ಟೈಟೇನಿಯಂ ಆಗಿದ್ದರೆ ಮಾತ್ರ ಮಾಡಿ. ಸ್ಟೀಲ್ ಆನೋಡ್ ಆದರೆ ಕರಗಿಹೋಗುತ್ತೆ. ಎಲೆಕ್ಟ್ರೋಡ್ ತೊಳೆಯೋಕೆ ಶೇ 3 ಸೋಡಿಯಂ ಸಲ್ಫೇಟ್, ಉಪ್ಪು ಬೇಡ, ಅದರಿಂದಲೂ ಕ್ಲೋರಿನ್ ಬರುತ್ತೆ. ಕ್ಯಾಥೋಡಿನ ಹೈಡ್ರೋಜನ್‌ಗೆ ಶೆಡ್‌ನಿಂದ ಹೊರಗೆ ಪೈಪ್ ಕೊಡಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಪಂಪ್ ನಿಂತಿದ್ದು ರೆಕ್ಟಿಫೈಯರ್ ಒಂದೇ ಓಡಿದರೆ ಮೆಂಬ್ರೇನ್ ಸುಟ್ಟುಹೋಗುತ್ತೆ. ಫ್ಲೋ ಸ್ವಿಚ್‌ನಿಂದ ರೆಕ್ಟಿಫೈಯರ್ ಕಟ್ ಆಗೋ ಹಾಗೆ ವೈರಿಂಗ್ ಮಾಡಿಸಿ. ಮತ್ತೆ ಬಿಚ್ಚಿಟ್ಟ ಮೆಂಬ್ರೇನುಗಳು ಈಗ ಎಲ್ಲಿವೆ? ಒಣಗೋ ಮೊದಲು ಉಪ್ಪು ನೀರಲ್ಲಿ ಮುಳುಗಿಸಿಡಿ, ಒಣಗಿದರೆ ಸೀಳುತ್ತವೆ.