ಡೆಂಗ್ಯೂ ನೆಗೆಟಿವ್, ಜ್ವರವೂ ಇಳಿದಿದೆ. ಸೋಮವಾರ ಆಫೀಸಿಗೆ ಹೋಗಬಹುದಾ?

ಪ್ರಶ್ನೆ (ಬೆಂಗಳೂರು): ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರಿಗೆ 34 ವರ್ಷ. ಸೋಮವಾರ ರಾತ್ರಿ ಜ್ವರ ಶುರುವಾಗಿ 103 ದಾಟಿತ್ತು. ಕಣ್ಣಿನ ಹಿಂದೆ ನೋವು, ಮೈಕೈ ನೋವು. ನಿನ್ನೆ, ಶುಕ್ರವಾರ, ಡೆಂಗ್ಯೂ ನೋಡುವ ಎನ್‌ಎಸ್‌1 ರಕ್ತಪರೀಕ್ಷೆ ಮಾಡಿಸಿದೆವು, ನೆಗೆಟಿವ್. ಟೈಫಾಯ್ಡ್ ನೋಡುವ ವಿಡಾಲ್ ಟೆಸ್ಟ್ 1:80 ಬಂದಿದೆ, ಟೈಫಾಯ್ಡ್ ಇರಬಹುದು ಅಂದರು. ಇವತ್ತು ಜ್ವರ ಇಲ್ಲ. ಆದರೆ ಎದ್ದು ಕೂರೋಕೂ ಆಗ್ತಿಲ್ಲ. ಪ್ಲೇಟ್‌ಲೆಟ್ 92,000. ಪರಂಗಿ ಎಲೆ ರಸ ಕೊಡುತ್ತಿದ್ದೇವೆ.

ಡಾಕ್ಟರ್: ಆಫೀಸಿನ ಮಾತು ಸದ್ಯಕ್ಕೆ ಬೇಡಮ್ಮ. ನೀವು ಹೇಳಿದ್ದೆಲ್ಲ ಡೆಂಗ್ಯೂ ಥರಾನೇ ಇದೆ. ಜ್ವರ ಶುರುವಾಗಿ ನಾಲ್ಕೈದು ದಿನ ಆದಮೇಲೆ ಎನ್‌ಎಸ್‌1 ನೆಗೆಟಿವ್ ಬರಬಹುದು. ಈಗ ಡೆಂಗ್ಯೂವಿನ ಇನ್ನೊಂದು ರಕ್ತಪರೀಕ್ಷೆ, ಐಜಿಎಂ ಎಲೈಸಾ ಮಾಡಿಸಿ. ವಿಡಾಲ್ 1:80 ನಮ್ಮ ಕಡೆ ಆರೋಗ್ಯವಾಗಿರುವವರಲ್ಲೂ ಸಿಗುತ್ತದೆ, ಅದನ್ನು ನಂಬಿ ಆಂಟಿಬಯೋಟಿಕ್ ನುಂಗಬೇಡಿ. ಟೈಫಾಯ್ಡ್ ಅನುಮಾನ ಇದ್ದರೆ ಬ್ಲಡ್ ಕಲ್ಚರ್ ಮಾಡಿಸಬೇಕು. ಮಲೇರಿಯಾ ಸ್ಮಿಯರ್ ಕೂಡ ಆಗಲಿ. ಕಂಕುಳು, ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇದೆಯಾ ನೋಡಿ. ಇದ್ದರೆ ಅದು ಸ್ಕ್ರಬ್ ಟೈಫಸ್ ಅನ್ನೋ ಬೇರೆ ಜ್ವರ ಇರಬಹುದು, ಅದರ ಔಷಧಿಯೇ ಬೇರೆ.

ಇನ್ನು ಮುಖ್ಯವಾದ್ದು. ಡೆಂಗ್ಯೂನಲ್ಲಿ ಭಯಪಡಬೇಕಾದ್ದು ಜ್ವರ ಇಳಿಯುವ ಹೊತ್ತಿಗೆ. ಆಗ ರಕ್ತನಾಳಗಳಿಂದ ನೀರಿನಂಶ ಸೋರಿ ಹೊಟ್ಟೆ, ಎದೆಯೊಳಗೆ ಸೇರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯಬಹುದು. ಇದು ಒಂದೆರಡು ದಿನದ ಆಟ. ಎಲ್ಲರೂ ಪ್ಲೇಟ್‌ಲೆಟ್ ಹಿಂದೆ ಬೀಳುತ್ತಾರೆ, ಅದೇ ರಿಪೋರ್ಟಿನಲ್ಲಿರುವ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಅನ್ನೋ ಲೆಕ್ಕ, ಅದರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ರಕ್ತ ಗಟ್ಟಿಯಾದರೆ ಅದು ಏರುತ್ತದೆ. ಅದು ಏರುತ್ತಿದೆಯಾ ಅಂತ ನೋಡಿ. ಎದ್ದು ಕೂರಲಾಗದ ಸುಸ್ತು ಒಳ್ಳೆಯ ಲಕ್ಷಣ ಅಲ್ಲ, ಇವತ್ತೇ ಯಾರಾದರೂ ಡಾಕ್ಟರಿಗೆ ತೋರಿಸಿ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಬ್ರುಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಲೇಬೇಡಿ. ಪರಂಗಿ ಎಲೆ ರಸ ಕುಡಿದು ವಾಂತಿ ಆಗುತ್ತಿದ್ದರೆ ನಿಲ್ಲಿಸಿ. ಅದಕ್ಕಿಂತ ಓಆರ್‌ಎಸ್, ಎಳನೀರು, ಗಂಜಿ ವಾಸಿ.

ಇನ್ನೊಬ್ಬರು (ಮೈಸೂರು): ಸರ್, ಪ್ಲೇಟ್‌ಲೆಟ್ 50,000 ಆದರೆ ಹಾಕಿಸಲೇಬೇಕು ಅಂತಾರಲ್ಲ? ಇನ್ನೊಂದು, ನಾವು ರಾತ್ರಿ ತಪ್ಪದೆ ಸೊಳ್ಳೆಪರದೆ ಕಟ್ಟುತ್ತೇವೆ. ಆದರೂ ಪಾಪುಗೆ ಡೆಂಗ್ಯೂ ಬಂತು!

ಡಾಕ್ಟರ್: ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಹಾಕುವುದಿಲ್ಲ. 50,000ಕ್ಕೆ ಡೋನರ್ ಹುಡುಕುತ್ತಾ ಓಡಾಡುವುದು ಸುಮ್ನೆ ಗಾಬರಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆ. ಪಾಪು ಹಗಲು ಮಲಗುವಾಗಲೂ ಪರದೆ ಇರಲಿ. ನೀರು ನಿಂತಿದೆಯಾ ಅಂತ ಫ್ರಿಜ್ಜಿನ ಹಿಂದಿನ ಟ್ರೇ ಎಳೆದು ನೋಡಿ, ಮನಿಪ್ಲಾಂಟ್ ಬಾಟಲಿ ನೋಡಿ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು. ಸೊಳ್ಳೆ ಮೊಟ್ಟೆಗಳು ಡ್ರಮ್ಮಿನ ಒಳಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಬೇಕು.

ಮೊದಲು ಕೇಳಿದವರು: ಡಾಕ್ಟ್ರೇ, ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು ಬಂದೆವು, ಈಗ ರಿಪೋರ್ಟ್ ಬಂತು. ಪಿಸಿವಿ ಬುಧವಾರ 40 ಇತ್ತು, ಈಗ 49. ಪ್ಲೇಟ್‌ಲೆಟ್ 78,000. ಹೊಟ್ಟೆ ನೋವು ಅಂತಿದ್ದಾರೆ. ಬೆಳಗ್ಗೆಯಿಂದ ಮೂತ್ರಕ್ಕೇ ಹೋಗಿಲ್ಲ. ಬೆಳಗಾದ ಮೇಲೆ ಹೋದರೆ ಆಗಲ್ವಾ?

ಡಾಕ್ಟರ್: ಇಲ್ಲಮ್ಮ, ಈಗಲೇ ಹೊರಡಿ. ಪಿಸಿವಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಏರಿದೆ, ಅಂದರೆ ಸೋರಿಕೆ ಶುರುವಾಗಿದೆ. ಡ್ರಿಪ್ ಅಳತೆ ನೋಡಿ ಕೊಡಬೇಕು. ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಅದಕ್ಕೇ ಅಡ್ಮಿಟ್ ಆಗಲೇಬೇಕು. ಬೈಕಲ್ಲಿ ಕೂರಿಸಬೇಡಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಕಾರು ಕರೆಸಿ. ಎರಡೂ ರಿಪೋರ್ಟ್ ಕೈಯಲ್ಲಿರಲಿ. ಕ್ಯಾಷುವಾಲ್ಟಿಯಲ್ಲಿ ಮೂರು ಮಾತು ಮೊದಲು ಹೇಳಿ: ಜ್ವರ ಶುರುವಾದ ದಿನ, ಬಿಟ್ಟ ಹೊತ್ತು, ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ.