3-4 ವರ್ಷದ ಮಕ್ಕಳಿಗೆ ಬಣ್ಣ ಕಲಿಸೋಕೆ ಯಾವ ಪ್ರಯೋಗ ಮಾಡಿಸ್ತೀರಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾನು ಪ್ರೀಸ್ಕೂಲ್ ಟೀಚರ್, ನನ್ ಕ್ಲಾಸಲ್ಲಿ 14 ಮಕ್ಕಳಿದ್ದಾರೆ. ಚಾರ್ಟ್ ತೋರಿಸಿದ್ರೆ ಕೆಂಪು ನೀಲಿ ಹಳದಿ ಅಂತ ಗಿಣಿ ಥರ ಒಪ್ಪಿಸ್ತಾರೆ, ಅದೇ ಮಗು ಕೈಗೆ ನೀಲಿ ಬ್ಲಾಕ್ ಕೊಟ್ಟು ಇದ್ಯಾವ ಬಣ್ಣ ಅಂದ್ರೆ ಸುಮ್ನೆ ಮುಖ ನೋಡುತ್ತೆ. ಅದಕ್ಕೇ ಕೈಯಾರೆ ಏನಾದ್ರೂ ಮಾಡಿಸೋಣ ಅಂತ ಹೋದ ವಾರ ಕೆಂಪು ನೀಲಿ ಪೇಂಟ್ ಬೆರೆಸಿದ್ರೆ ನೇರಳೆ ಬರುತ್ತೆ ನೋಡಿ ಅಂತ ಆಸೆ ಹುಟ್ಟಿಸಿದ್ದೆ, ಬಂದಿದ್ದು ಕೆಸರಿನಂಥ ಬಣ್ಣ. ಒಬ್ಬ ಹುಡುಗ "ಮಿಸ್, ಇದು ಮಣ್ಣು" ಅಂದ. ಎಲ್ಲಿ ತಪ್ಪಾಯ್ತು? ಬೇರೆ ಏನು ಮಾಡಿಸ್ಬಹುದು?

ಉತ್ತರ 1:
ಮೇಡಂ, ನಿಮ್ದೇನೂ ತಪ್ಪಿಲ್ಲ. ನಾವು ಕೆಂಪು ಅಂತ ತರೋ ಎಷ್ಟೋ ಪೇಂಟಲ್ಲಿ ಕಿತ್ತಳೆ ಛಾಯೆ ಇರುತ್ತೆ, ಅಂದ್ರೆ ನೀಲಿ ಜೊತೆ ಸೇರಿದಾಗ ಒಳಗೊಳಗೇ ಹಳದಿನೂ ಸೇರಿದಂಗೆ. ಕೆಂಪು ನೀಲಿ ಹಳದಿ ಮೂರೂ ಕೂಡಿದ್ರೆ ಕಂದೇ ಆಗೋದು. ಕೆಂಪಿನ ಬದಲು ಮಜೆಂಟಾ ಅಂತಾರಲ್ಲ ಆ ಗಾಢ ಗುಲಾಬಿ ತಗೊಳ್ಳಿ, ನೇರಳೆ ಚೆನ್ನಾಗಿ ಬರುತ್ತೆ. ಪ್ರಿಂಟರ್ ಇಂಕಲ್ಲೂ ಕೆಂಪು ಇರಲ್ಲ ನೋಡಿ, ಸಯಾನ್ (ಹಸಿರು ಛಾಯೆಯ ನೀಲಿ) ಮಜೆಂಟಾ ಹಳದಿ ಕಪ್ಪು ಅಷ್ಟೇ. ಇನ್ನೊಂದು, ಆ ಹುಡುಗ ಟೀಚರ್ ಹೇಳಿದ್ದನ್ನ ಒಪ್ಪಿಸದೆ ಕಣ್ಣಿಗೆ ಕಂಡಿದ್ದನ್ನ ಹೇಳಿದಾನೆ, ನಮಗೆ ಬೇಕಿರೋದು ಅದೇ ತಾನೆ, ಅವನನ್ನ ಶಭಾಷ್ ಅನ್ನಿ.

ಉತ್ತರ 2:
ನಾನು ನನ್ನ ಮಗಳಿಗೆ ನೀರು ನಡೆಯೋ ಆಟ ಮಾಡಿಸಿದ್ದೆ. ಮೂರು ಲೋಟ ಸಾಲಾಗಿಡಿ, ಆ ತುದಿಗೊಂದು ಈ ತುದಿಗೊಂದು ಹಳದಿ ನೀರು ನೀಲಿ ನೀರು, ಮಧ್ಯದ್ದು ಖಾಲಿ. ಟಿಶ್ಯೂ ಪೇಪರ್ ಪಟ್ಟಿ ಮಾಡಿ ಮಡಚಿ ಸೇತುವೆ ಥರ ಲೋಟದಿಂದ ಲೋಟಕ್ಕೆ ಹಾಕಿ. ಪೇಪರ್ ನಾರಿನ ಸಂದಿಯಲ್ಲಿ ನೀರು ತಾನಾಗೇ ಹತ್ತಿ ಇಳಿದು ಮಧ್ಯದ ಲೋಟ ಹಸಿರಾಗುತ್ತೆ. ಲೋಟ ಹೆಚ್ಚುಕಮ್ಮಿ ತುಂಬಿರಬೇಕು, ಅರ್ಧ ಇದ್ರೆ ತುಂಬಾ ನಿಧಾನ, ಮಕ್ಕಳು ಎದ್ದು ಹೋಗ್ತಾರೆ. ಮೊದಲೇ ಹಸಿರು ಬರುತ್ತೆ ಅಂತ ಹೇಳ್ಬೇಡಿ, ಏನಾಗ್ಬಹುದು ಅಂತ ಕೇಳಿ ಬಿಡಿ. ಮತ್ತೆ ಮಾತಾಡುವಾಗ "ನೀಲಿ ಲೋಟ" ಅನ್ನೋಕಿಂತ "ಈ ಲೋಟ ನೀಲಿ" ಅಂತ ಹೇಳಿ ನೋಡಿ, ಮೊದಲು ವಸ್ತು ಗೊತ್ತಾದ್ರೆ ಆಮೇಲೆ ಅದರ ಬಣ್ಣದ ಕಡೆ ಗಮನ ಹೋಗುತ್ತೆ, ನಮ್ಮನೇಲಿ ಇದ್ರಿಂದ ತುಂಬಾ ಉಪಯೋಗ ಆಯ್ತು.

ಉತ್ತರ 3:
ಕಪ್ಪು ಸ್ಕೆಚ್ ಪೆನ್ನಿಂದ ಟಿಶ್ಯೂ ಮೇಲೆ ದಪ್ಪ ಚುಕ್ಕೆ ಇಟ್ಟು ಅದರ ಮೇಲೆ ಎರಡು ಹನಿ ನೀರು ಬಿಡಿ, ಕಪ್ಪೊಳಗಿಂದ ನೀಲಿ ಗುಲಾಬಿ ಎಲ್ಲಾ ಹರಡಿಕೊಂಡು ಬರುತ್ತೆ. ಪರ್ಮನೆಂಟ್ ಮಾರ್ಕರ್ ಆಗಲ್ಲ, ನೀರಲ್ಲಿ ಕರಗಲ್ಲ ಅದು.
ಹೆಸರು ಹೇಳಿಸೋ ಮುಂಚೆ ಒಂದೇ ಬಣ್ಣದ್ದನ್ನ ಒಟ್ಟಿಗೆ ಸೇರಿಸೋಕೆ ಕೊಡಿ. ಹೆಸರು ತಪ್ಪಿದ್ರೆ ಈ ವಯಸ್ಸಲ್ಲಿ ಚಿಂತೆ ಬೇಡ. ಆದ್ರೆ ಜೋಡಿಸುವಾಗ್ಲೂ ಯಾವಾಗ್ಲೂ ಕೆಂಪು ಹಸಿರೇ ಅದಲುಬದಲು ಆಗ್ತಿದ್ರೆ ಕಣ್ಣಿನ ಡಾಕ್ಟ್ರಿಗೆ ತೋರಿಸಿ ಅಂತ ಮನೇವ್ರಿಗೆ ಹೇಳಿ, ವರ್ಣಾಂಧತೆ ಗಂಡುಮಕ್ಕಳಲ್ಲೇ ಜಾಸ್ತಿ. ಅಂಥ ಮಗುನ ಎಲ್ಲರ ಮುಂದೆ ತಿದ್ದಬೇಡಿ ದಯವಿಟ್ಟು.

ಪ್ರಶ್ನೆ ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಮಜೆಂಟಾ ಹಾಕಿ ಮಾಡಿದೆ, ಒಳ್ಳೇ ನೇರಳೆ ಬಂತು, ಎಲ್ಲಾ ಚಪ್ಪಾಳೆ ಹೊಡೆದ್ರು. ಅಷ್ಟರಲ್ಲಿ ಆ ಹುಡುಗ ಹಳದಿ ಬಾಟಲಿ ಎತ್ಕೊಂಡು ಬಂದು "ಮಿಸ್, ಈಗ ಇದನ್ನ ಹಾಕಿ ಮಣ್ಣು ಮಾಡೋಣ" ಅಂದ.