ಗಿಟಾರ್ ಅಭ್ಯಾಸಕ್ಕೆ ಮೊಬೈಲ್ ಆ್ಯಪ್: ಕಣ್ಣಿಗೋ, ಕಿವಿಗೋ?

(ಉತ್ತರ ಕನ್ನಡ ಜಿಲ್ಲೆಯ ಗಿಟಾರ್ ಕಲಿಯುವವರ ನಮ್ಮ ಗುಂಪಿನಲ್ಲಿ ಸದಸ್ಯರು ಕೇಳಿದ ಪ್ರಶ್ನೆಗಳಿಗೆ ಕಾರವಾರದಲ್ಲಿ ಗಿಟಾರ್ ಕಲಿಸುವ ಶಿಕ್ಷಕರು ನೀಡಿದ ಉತ್ತರಗಳು.)

ಪ್ರಶ್ನೆ (ಶಿರಸಿ ಸಮೀಪದ ಹಳ್ಳಿಯಿಂದ): ನಮಸ್ಕಾರ ಸರ್. ಗಿಟಾರ್ ಕೊಂಡು ಐದು ತಿಂಗಳಾಯಿತು. ನಮ್ಮೂರಿನಲ್ಲಿ ಕಲಿಸುವವರಿಲ್ಲ, ವಾರಕ್ಕೆರಡು ಸಲ ಪೇಟೆಗೆ ಹೋಗಿಬರಲು ತೋಟದ ಕೆಲಸ ಬಿಡುವುದಿಲ್ಲ. ಹಾಗಾಗಿ ಫೋನಿನಲ್ಲಿ ಆರು ಆ್ಯಪ್ ಹಾಕಿಕೊಂಡಿದ್ದೇನೆ. ದಿನವೂ ಒಂದು ಗಂಟೆ ಕೂತರೂ ಒಂದೇ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಲು ಬರುತ್ತಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ತೆಗೆಯಲಿ? ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ.

ಉತ್ತರ: ಆರರಲ್ಲಿ ಮೂರು ಸಾಕು. ಶ್ರುತಿಗೆ ಒಂದು ಟ್ಯೂನರ್, ಲಯಕ್ಕೆ ಟಿಕ್ ಟಿಕ್ ಎಂದು ಎಣಿಸುವ ಒಂದು ಮೆಟ್ರೊನೋಮ್, ಮೂರನೆಯದು ನಿಮ್ಮ ಫೋನಿನ ಜೊತೆಗೇ ಬಂದಿರುವ ಧ್ವನಿಮುದ್ರಣದ ಆ್ಯಪ್. ಈ ಮೂರೂ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತವೆ, ಆದ್ದರಿಂದ ಗಿಟಾರ್ ಹಿಡಿದುಕೊಂಡು ಅಂಗಳದ ಮೂಲೆಗೆ ಹೋಗಬೇಕಾಗಿಲ್ಲ. ಟ್ಯೂನರ್‌ಗಳಲ್ಲಿ ಗಿಟಾರ್‌ಟ್ಯೂನಾ, ಫೆಂಡರ್ ಟ್ಯೂನ್ ಎರಡೂ ಚೆನ್ನಾಗಿವೆ ಮತ್ತು ಅವುಗಳ ಉಚಿತ ಭಾಗವೇ ನಿಮಗೆ ಸಾಕಾಗುತ್ತದೆ. ಪಾಠ ಬೇಕೆನಿಸಿದರೆ, ಆಸ್ಟ್ರೇಲಿಯಾದ ಟಾಸ್ಮೇನಿಯಾ ಮೂಲದ ಜಸ್ಟಿನ್ ಸ್ಯಾಂಡರ್ಕೋ ಅವರು ಎಷ್ಟೋ ವರ್ಷಗಳಿಂದ ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವ ಪಾಠಗಳಿವೆ. ಇಂಗ್ಲಿಷಿನಲ್ಲಿದ್ದರೂ ಕೈಯನ್ನು ನೋಡಿಯೇ ಅರ್ಥ ಮಾಡಿಕೊಳ್ಳುವಷ್ಟು ಸ್ಪಷ್ಟವಾಗಿವೆ. ಪೇಟೆಗೆ ಬಂದ ದಿನ ಒಂದು ಪಾಠ ನೋಡಿ, ಅದನ್ನೇ ವಾರವಿಡೀ ಮನೆಯಲ್ಲಿ ತಿದ್ದಿಕೊಳ್ಳಿ.

ಇನ್ನು ಹಾಡು ಏಕೆ ಪೂರ್ತಿಯಾಗುತ್ತಿಲ್ಲ ಎಂಬುದು. ಆಟದಂತಿರುವ ಕೆಲವು ಆ್ಯಪ್‌ಗಳಲ್ಲಿ ಪರದೆಯ ಮೇಲೆ ಬಣ್ಣದ ಗುರುತುಗಳು ಸಾಲಾಗಿ ಬರುತ್ತವೆ, ಅವು ಗೆರೆ ಮುಟ್ಟಿದಾಗ ನಾವು ತಂತಿ ಮೀಟಿದರೆ ಅಂಕ ಸಿಗುತ್ತದೆ. ನಿಮ್ಮ ಆರರಲ್ಲಿ ಇಂಥದ್ದು ಒಂದೆರಡಾದರೂ ಇರಬೇಕೆಂದು ನನ್ನ ಊಹೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಇಂಥ ಆ್ಯಪ್‌ನಲ್ಲಿ ತುಂಬ ಮುಂದೆ ಹೋಗಿ, ಅನಂತರ ನನ್ನಲ್ಲಿಗೆ ಬಂದಳು. ಆ್ಯಪ್ ಎದುರಿಟ್ಟುಕೊಂಡು ಒಂದು ಹಾಡನ್ನು ತಪ್ಪಿಲ್ಲದೆ ನುಡಿಸಿ ತೋರಿಸಿದಳು. ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅದೇ ಹಾಡನ್ನು ಮತ್ತೊಮ್ಮೆ ನುಡಿಸಲು ಹೇಳಿದೆ. ಎರಡನೆಯ ಸಾಲಿಗೆ ಕೈ ನಿಂತಿತು. ಮುಂದಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಯಾವುದೆಂದು ಅವಳ ಕಣ್ಣಿಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಕೈಯನ್ನು ನಡೆಸಬೇಕಾದದ್ದು ಕಿವಿ. ಅದಕ್ಕಾಗಿಯೇ ನಾನು ಕಿವಿಗೆ ಕೆಲಸ ಕೊಡುವ ಆ್ಯಪ್‌ಗಳನ್ನು ಇಟ್ಟುಕೊಳ್ಳಿ, ಕಣ್ಣಿಗೆ ಮಾತ್ರ ಕೆಲಸ ಕೊಡುವುದನ್ನು ತೆಗೆದುಬಿಡಿ ಎನ್ನುತ್ತೇನೆ. ಒಂದು ಹಾಡಿನ ಎರಡೇ ಸಾಲನ್ನು ಪರದೆ ನೋಡದೆ ನುಡಿಸಿ, ಧ್ವನಿಮುದ್ರಿಸಿ, ಗಿಟಾರನ್ನು ಪಕ್ಕಕ್ಕಿಟ್ಟು ಕೇಳಿರಿ. ಹದಿನೈದು ದಿನ ಹೀಗೆ ಮಾಡಿ, ಏನಾಯಿತೆಂದು ಇಲ್ಲಿಯೇ ಬರೆಯಿರಿ.

ಪ್ರಶ್ನೆ (ಕುಮಟಾ): ಟ್ಯೂನರ್‌ನಲ್ಲಿ ಆರೂ ತಂತಿಗಳು ಹಸಿರು ತೋರಿಸುತ್ತವೆ. ಆದರೂ ಕಾರ್ಡ್ ಹಿಡಿದಾಗ ಏನೋ ಅಪಸ್ವರ ಕೇಳಿಸುತ್ತದೆ. ನಾನು ಕೆಲವು ವರ್ಷ ಹಿಂದೂಸ್ತಾನಿ ಗಾಯನ ಕಲಿತಿದ್ದೇನೆ. ಆ್ಯಪ್ ತಪ್ಪೋ, ನನ್ನ ಕಿವಿ ತಪ್ಪೋ?

ಉತ್ತರ: ಎರಡೂ ತಪ್ಪಲ್ಲದಿರಬಹುದು. ಮೊದಲು ಆ್ಯಪ್‌ನ ಸೆಟ್ಟಿಂಗಿನಲ್ಲಿ ಆಧಾರ ಸ್ವರ 440 ಹರ್ಟ್ಸ್ ಎಂದಿದೆಯೇ ನೋಡಿ, ಕೈತಪ್ಪಿ ಅದು ಬದಲಾಗಿರುವುದನ್ನು ಎಷ್ಟೋ ಫೋನುಗಳಲ್ಲಿ ಕಂಡಿದ್ದೇನೆ. ಆಮೇಲೆ ಶ್ರುತಿ ಮಾಡುವ ಕ್ರಮ. ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯ ಸ್ವರ ಸುಮಾರು 82.4 ಹರ್ಟ್ಸ್, ಮೊದಲನೆಯ ತಂತಿಯದು 329.6. ಫೋನಿನ ಪುಟ್ಟ ಮೈಕಿಗೆ ಕೆಳಗಿನ ಸ್ವರ ಸರಿಯಾಗಿ ಹಿಡಿಯುವುದಿಲ್ಲ, ಗಟ್ಟಿಯಾಗಿ ಮೀಟಿದಷ್ಟೂ ಟ್ಯೂನರ್‌ನ ಮುಳ್ಳು ಅತ್ತಿತ್ತ ಓಡುತ್ತದೆ. ಹೆಬ್ಬೆರಳಿನಿಂದ ಮೆತ್ತಗೆ, ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿರುವ ಲೋಹದ ಅಡ್ಡಗೆರೆಯ) ಮೇಲ್ಭಾಗದಲ್ಲಿ ಮೀಟಿ ನೋಡಿ, ಮುಳ್ಳು ನಿಲ್ಲುತ್ತದೆ. ಸ್ವರ ಮೇಲಿದ್ದರೆ ತಂತಿಯನ್ನು ಬೇಕಾದ ಸ್ವರಕ್ಕಿಂತ ತುಸು ಕೆಳಗಿಳಿಸಿ, ಮತ್ತೆ ಬಿಗಿಯುತ್ತ ಮೇಲೆ ಬನ್ನಿ. ಸಡಿಲಿಸಿ ನಿಲ್ಲಿಸಿದ ತಂತಿ ಎರಡು ನಿಮಿಷದಲ್ಲಿ ಮತ್ತಷ್ಟು ಇಳಿಯುತ್ತದೆ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಯಾವ ಆ್ಯಪ್‌ಗೂ ಏನೂ ಕೇಳಿಸುವುದಿಲ್ಲ. ಆಗ ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಬೇಕು, ಅದು ಗಾಳಿಯ ಸದ್ದನ್ನಲ್ಲ, ಮರದ ಕಂಪನವನ್ನು ಓದುತ್ತದೆ.

ಇಷ್ಟಾದರೂ ಸರಿಯಾಗದಿದ್ದರೆ ಒಂದು ಪರೀಕ್ಷೆ ಮಾಡಿ. ಹನ್ನೆರಡನೆಯ ಫ್ರೆಟ್ಟಿನ ಲೋಹದ ಗೆರೆಯ ಮೇಲೆಯೇ ತಂತಿಯನ್ನು ಬೆರಳಿನಿಂದ ಸವರಿದಂತೆ ಮುಟ್ಟಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ, ಅದನ್ನು ಟ್ಯೂನರ್‌ನಲ್ಲಿ ನೋಡಿ. ಅದೇ ಜಾಗದಲ್ಲಿ ತಂತಿಯನ್ನು ಒತ್ತಿ ಹಿಡಿದು ಇನ್ನೊಮ್ಮೆ ನೋಡಿ. ಎರಡೂ ಒಂದೇ ಸ್ವರವಾಗಬೇಕು. ಒತ್ತಿದಾಗ ಮೇಲೆ ಹೋಗುತ್ತಿದ್ದರೆ, ತಂತಿ ಹಳೆಯದಾಗಿದೆ ಅಥವಾ ಫ್ರೆಟ್ಟಿನಿಂದ ತಂತಿಯ ಎತ್ತರ ಹೆಚ್ಚಾಗಿದೆ. ಮರದ ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ 45ರಿಂದ 55 ಶೇಕಡಾ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಇದಕ್ಕಿಂತ ಬಹಳ ಮೇಲಿರುತ್ತದೆ. ಮರ ನೀರು ಕುಡಿದು ಮೇಲಿನ ಹಲಗೆ ಉಬ್ಬುತ್ತದೆ, ಜೊತೆಗೆ ತಂತಿಯೂ ಮೇಲೇಳುತ್ತದೆ. ಗಿಟಾರನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ನುಡಿಸಿದ ಕೂಡಲೇ ಒಣಬಟ್ಟೆಯಿಂದ ಒರೆಸಿರಿ.

ಆದರೆ ನೀವು ಹಿಂದೂಸ್ತಾನಿ ಕಲಿತಿದ್ದೇನೆ ಎಂದಿರಿ. ನನಗೆ ಅಲ್ಲೇ ಉತ್ತರವಿದೆ ಅನಿಸುತ್ತದೆ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ, ಒಂದೊಂದು ಪಾಲಿಗೂ 100 ಸೆಂಟ್ (ಸ್ವರಗಳ ಅಂತರದ ಅಳತೆ). ಹೀಗೆ ಷಡ್ಜದಿಂದ ಶುದ್ಧ ಗಾಂಧಾರ 400 ಸೆಂಟ್ ದೂರದಲ್ಲಿ ಕೂರುತ್ತದೆ. ತಂಬೂರಿಯ ಷಡ್ಜದ ತಂತಿಯೊಳಗೇ ತಾನಾಗಿ ಕೇಳಿಸುವ ಗಾಂಧಾರ ಸುಮಾರು 386 ಸೆಂಟಿನದು. ಈ 14 ಸೆಂಟಿನ ವ್ಯತ್ಯಾಸ ಸಾಮಾನ್ಯ ಕೇಳುಗನಿಗೆ ತಿಳಿಯುವುದಿಲ್ಲ, ತಂಬೂರಿಯ ಮುಂದೆ ಕೂತ ಕಿವಿಗೆ ತಿಳಿಯುತ್ತದೆ. ಹಾಗೆಂದು ಒಂದು ಕಾರ್ಡನ್ನು ಸಿಹಿ ಮಾಡಲು ತಂತಿ ಇಳಿಸಿದಿರಾದರೆ ಮುಂದಿನ ಕಾರ್ಡ್ ಕೆಡುತ್ತದೆ. ಹಾರ್ಮೋನಿಯಂ ಜೊತೆ ಹಾಡುವಾಗ ಮಾಡಿಕೊಂಡ ಹೊಂದಾಣಿಕೆಯನ್ನೇ ಇಲ್ಲಿಯೂ ಮಾಡಿಕೊಳ್ಳಿ. ನಿಮ್ಮ ಕಿವಿ ಸರಿಯಾಗಿದೆ, ದಯವಿಟ್ಟು ಅದನ್ನು ಅನುಮಾನಿಸಬೇಡಿ.

ಪ್ರಶ್ನೆ (ಹೊನ್ನಾವರ): ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರು ಕಪ್ಪು ಒಂದು, ಕಪ್ಪು ನಾಲ್ಕು ಎಂದು ಹೇಳುತ್ತಾರೆ. ಗಿಟಾರ್ ಆ್ಯಪ್‌ಗಳಲ್ಲಿ ಅಂಥ ಹೆಸರುಗಳೇ ಇಲ್ಲ.

ಉತ್ತರ: ಅವರು ಹೇಳುವುದು ಹಾರ್ಮೋನಿಯಂನ ಕಪ್ಪು ಮನೆಗಳ ಎಣಿಕೆ. ಕಪ್ಪು ಒಂದು ಎಂದರೆ ಸಿ ಶಾರ್ಪ್, ಕಪ್ಪು ನಾಲ್ಕು ಎಂದರೆ ಜಿ ಶಾರ್ಪ್. ಆರೂ ತಂತಿಗಳನ್ನು ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪಾದ ಕ್ಯಾಪೋ ಒಂದನ್ನು ಕೊಂಡು ಮೊದಲ ಫ್ರೆಟ್ಟಿಗೆ ಹಾಕಿ. ಕಪ್ಪು ಒಂದಕ್ಕೆ ಸಿ ಕಾರ್ಡಿನ ಕುಟುಂಬವನ್ನೂ, ಕಪ್ಪು ನಾಲ್ಕಕ್ಕೆ ಜಿ ಕಾರ್ಡಿನ ಕುಟುಂಬವನ್ನೂ ಎಂದಿನಂತೆ ನುಡಿಸಿ. ಕಪ್ಪು ಐದು ಬಂದರೆ ಕ್ಯಾಪೋ ಮೂರಕ್ಕೆ, ಕೈ ಜಿಯಲ್ಲಿ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳು ಎಷ್ಟೋ ಸಲ 440ಕ್ಕೆ ಸರಿಯಾಗಿರುವುದಿಲ್ಲ. ಬಿಳಿ ಆರನೆಯ ಮನೆಯನ್ನು ಒತ್ತಿಹಿಡಿಯಲು ಹೇಳಿ, ಟ್ಯೂನರ್ ಎಷ್ಟು ತೋರಿಸುತ್ತದೆಂದು ನೋಡಿ. 443 ಎಂದರೆ ಆ್ಯಪ್‌ನ ಆಧಾರ ಸ್ವರವನ್ನೂ ಆ ದಿನದ ಮಟ್ಟಿಗೆ 443 ಮಾಡಿ, ಅದಕ್ಕೇ ಗಿಟಾರನ್ನು ಶ್ರುತಿ ಮಾಡಿಕೊಳ್ಳಿ. ಪೆಟ್ಟಿಗೆ ನಮ್ಮ ಶ್ರುತಿಗೆ ಬರಲಾರದು, ನಾವೇ ಅದರ ಶ್ರುತಿಗೆ ಹೋಗಬೇಕು. ಮನೆಯಲ್ಲಿ ತಂಬೂರಿ ಆ್ಯಪ್ ಹಚ್ಚಿಟ್ಟು ಅದರ ಮೇಲೆ ಸ್ವರಗಳನ್ನು ನಿಧಾನವಾಗಿ ನುಡಿಸುವ ಅಭ್ಯಾಸವೂ ತುಂಬ ಒಳ್ಳೆಯದು.

ಪ್ರಶ್ನೆ (ಹೊನ್ನಾವರದವರೇ): ರೂಪಕದಲ್ಲಿರುವ ಭಜನೆಗೆ ಮೆಟ್ರೊನೋಮ್ ಹೇಗೆ ಇಡಬೇಕು?

ಉತ್ತರ: ಆ್ಯಪ್ ತೆರೆದ ಕೂಡಲೇ ನಾಲ್ಕು ಮಾತ್ರೆ (ತಾಳದ ಎಣಿಕೆ) ಇರುತ್ತದೆ. ಅದನ್ನು ಏಳು ಮಾಡಿ. ಹಿಂದೂಸ್ತಾನಿ ರೂಪಕ ತಾಳ ಮೂರು, ಎರಡು, ಎರಡು ಎಂದು ಒಡೆಯುತ್ತದೆ ಮತ್ತು ಅದರ ಮೊದಲ ಮಾತ್ರೆಯೇ ಖಾಲಿ, ಅಂದರೆ ಒತ್ತಿಲ್ಲದ್ದು. ಆದ್ದರಿಂದ ಒಂದನೆಯದರ ಒತ್ತನ್ನು ತೆಗೆದು ನಾಲ್ಕು ಮತ್ತು ಆರನೆಯದಕ್ಕೆ ಒತ್ತು ಕೊಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಮಾತ್ರೆಯ ಚುಕ್ಕಿಯನ್ನು ಮುಟ್ಟಿದರೆ ಒತ್ತು ಬದಲಾಗುತ್ತದೆ. ಹೆಬ್ಬೆರಳಿನಿಂದ ಮೂಲಸ್ವರವನ್ನು ಒಂದರಲ್ಲಿ ಮೆತ್ತಗೆ, ಮೇಲಿನ ತಂತಿಗಳನ್ನು ನಾಲ್ಕು ಮತ್ತು ಆರರಲ್ಲಿ ಸ್ಪಷ್ಟವಾಗಿ ನುಡಿಸಿದರೆ ತಬಲಾದವರಿಗೆ ಅಡ್ಡಿಯಾಗುವುದಿಲ್ಲ. ಕೈ ಕೂತ ಮೇಲೆ ಎರಡು ಆವರ್ತ ಸದ್ದು, ಎರಡು ಆವರ್ತ ಮೌನ ಎಂಬ ಸೌಲಭ್ಯವಿರುವ ಮೆಟ್ರೊನೋಮ್ ಬಳಸಿರಿ. ಮೌನ ಮುಗಿದು ಸದ್ದು ಮರಳುವಾಗ ನೀವು ಅದರೊಂದಿಗೇ ಇದ್ದೀರೋ ಇಲ್ಲವೋ ಎಂಬುದು ಆ ಕ್ಷಣಕ್ಕೇ ತಿಳಿಯುತ್ತದೆ. ಲಯದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಫೋನಿನಲ್ಲಿ ನನಗೆ ಸಿಕ್ಕಿಲ್ಲ.

ಪ್ರಶ್ನೆ (ಕಾರವಾರ): ನಾನು ಚರ್ಚಿನ ಗಾಯನವೃಂದಕ್ಕೆ ನುಡಿಸುತ್ತೇನೆ. ಬ್ಲೂಟೂತ್ ಇಯರ್‌ಫೋನ್ ಹಾಕಿ ಅಭ್ಯಾಸ ಮಾಡಿದರೆ ಲಯ ಕೆಡುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಯಾವ ಅಭ್ಯಾಸ ಎಂಬುದರ ಮೇಲೆ ಹೋಗುತ್ತದೆ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, 200 ಮಿಲಿಸೆಕೆಂಡಿನಷ್ಟು ತಡ ಅಪರೂಪವಲ್ಲ. ನಿಮಿಷಕ್ಕೆ 120 ಮಾತ್ರೆಯ ಹಾಡಿನಲ್ಲಿ ಒಂದು ಮಾತ್ರೆ 500 ಮಿಲಿಸೆಕೆಂಡ್, ಅಂದರೆ ಈ ತಡ ಅರ್ಧ ಮಾತ್ರೆಗೆ ಹತ್ತಿರ. ಆದರೆ ನೀವು ಮರದ ಗಿಟಾರ್ ಹಿಡಿದು, ಹಾಡನ್ನು ಇಯರ್‌ಫೋನಿನಲ್ಲಿ ಕೇಳುತ್ತ ಜೊತೆಗೆ ನುಡಿಸುವುದಾದರೆ ಹಾಡು ಪೂರ್ತಿಯಾಗಿಯೇ ತಡವಾಗುತ್ತದೆ, ನೀವು ಕೇಳಿದ್ದಕ್ಕೇ ಸೇರಿಕೊಳ್ಳುತ್ತೀರಿ, ತೊಂದರೆಯಿಲ್ಲ. ಆ್ಯಪ್ ನಿಮ್ಮ ನುಡಿಸಾಣಿಕೆಯನ್ನು ಮೈಕಿನಲ್ಲಿ ಕೇಳಿ ಲಯಕ್ಕೆ ಅಂಕ ಕೊಡುವಾಗ, ಹಾಡಿನ ಮೇಲೆ ನೀವು ಧ್ವನಿಮುದ್ರಿಸುವಾಗ, ಅಥವಾ ಎಲೆಕ್ಟ್ರಿಕ್ ಗಿಟಾರನ್ನು ಫೋನಿನ ಆಂಪ್ (ಆಂಪ್ಲಿಫೈಯರ್) ಆ್ಯಪ್ ಮೂಲಕ ನುಡಿಸುವಾಗ ಮಾತ್ರ ಈ ತಡ ಕೆಡುಕು ಮಾಡುತ್ತದೆ. ಅಂಥ ಕಡೆ ತಂತಿಯ ಇಯರ್‌ಫೋನೇ ಬೇಕು. ಹಾಡನ್ನು ಕಲಿಯುವಾಗ ವೇಗವನ್ನು ಮುಕ್ಕಾಲಿಗೆ ಇಳಿಸಿ. ಯೂಟ್ಯೂಬ್‌ನಲ್ಲಿಯೇ 0.75 ಎಂಬ ಆಯ್ಕೆಯಿದೆ, ಸ್ವರ ಬದಲಾಗುವುದಿಲ್ಲ.

ಪ್ರಶ್ನೆ (ಅಂಕೋಲಾ): ಮಗನಿಗೆ ಒಂದು ಕಲಿಕಾ ಆ್ಯಪ್‌ನ ವಾರ್ಷಿಕ ಚಂದಾ ಕಟ್ಟಬಹುದೇ?

ಉತ್ತರ: ಈಗಲೇ ಬೇಡ. ತಿಂಗಳ ಚಂದಾ ಕಟ್ಟಿ ನೋಡಿ. ಆ್ಯಪ್‌ಗೆ ಸ್ವರ ಕೇಳಿಸುತ್ತದೆ, ಮಗನ ಮಣಿಕಟ್ಟು ಮುರಿದಂತೆ ಬಾಗಿರುವುದು ಕಾಣಿಸುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ಗೊತ್ತಿರುವವರೊಬ್ಬರು ಅವನ ಕೈ ನೋಡಲಿ. ಉಚಿತ ಪ್ರಯೋಗದ ಏಳು ದಿನ ಮುಗಿದ ಕೂಡಲೇ ಹಣ ತಾನಾಗಿ ಕಡಿತವಾಗುವ ಆ್ಯಪ್‌ಗಳು ಬಹಳ. ಆ್ಯಪನ್ನು ಫೋನಿನಿಂದ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಪ್ಲೇ ಸ್ಟೋರ್‌ನ ಚಂದಾ ಪಟ್ಟಿಗೆ ಹೋಗಿ ರದ್ದು ಮಾಡಬೇಕು. ನನ್ನ ಒಬ್ಬ ವಿದ್ಯಾರ್ಥಿಯ ತಂದೆಗೆ ಇದು ತಿಳಿಯದೆ ಇಡೀ ವರ್ಷದ ಹಣ ಹೋಯಿತು. ಆ ಹಣದಲ್ಲಿ ಒಳ್ಳೆಯ ತಂತಿಗಳು, ಒಂದು ಕ್ಯಾಪೋ, ಒಂದು ಕ್ಲಿಪ್ ಟ್ಯೂನರ್ ಎಲ್ಲವೂ ಬರುತ್ತಿದ್ದವು.

ಪ್ರಶ್ನೆ (ಶಿರಸಿ ಸಮೀಪದವರೇ, ಹದಿನೈದು ದಿನಗಳ ನಂತರ): ಸರ್, ನೀವು ಹೇಳಿದಂತೆ ಮೂರೇ ಆ್ಯಪ್ ಇಟ್ಟುಕೊಂಡೆ. ಎರಡು ಸಾಲು ಪರದೆ ನೋಡದೆ ಬರುತ್ತಿದೆ. ಧ್ವನಿಮುದ್ರಣ ಕೇಳಿದಾಗ ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಹೋಗುವಲ್ಲಿ ಪ್ರತಿ ಸಲವೂ ಒಂದು ತಡೆ ಕೇಳಿಸುತ್ತದೆ. ನುಡಿಸುವಾಗ ನನಗೆ ಅದು ತಿಳಿದೇ ಇರಲಿಲ್ಲ.

ಉತ್ತರ: ಓದಿ ತುಂಬ ಸಂತೋಷವಾಯಿತು. ಆ ತಡೆಯನ್ನು ನಾನು ತೋರಿಸಲಿಲ್ಲ, ನಿಮ್ಮ ಕಿವಿಯೇ ಹಿಡಿಯಿತು. ಈಗ ಹಾಡನ್ನು ನಾಲ್ಕು ದಿನ ಬಿಟ್ಟುಬಿಡಿ. ಫೋನಿನ ಗಡಿಯಾರದಲ್ಲಿ ಒಂದು ನಿಮಿಷ ಇಟ್ಟು, ಜಿಯಿಂದ ಸಿಗೆ, ಸಿಯಿಂದ ಜಿಗೆ ಎಷ್ಟು ಸಲ ಸ್ವಚ್ಛವಾಗಿ ಬದಲಾಯಿಸಿದಿರಿ ಎಂದು ಎಣಿಸಿ ಬರೆದಿಡಿ. ಜಸ್ಟಿನ್ ಅವರ ಪಾಠಗಳಲ್ಲಿಯೂ ಈ ಅಭ್ಯಾಸವಿದೆ. ಬದಲಾಯಿಸುವಾಗ ಉಂಗುರದ ಬೆರಳನ್ನು ಮೊದಲು ಐದನೆಯ ತಂತಿಯ ಮೂರನೆಯ ಫ್ರೆಟ್ಟಿಗೆ ತನ್ನಿ, ಸಿ ಕಾರ್ಡಿನ ಮೂಲಸ್ವರ ಅಲ್ಲಿದೆ. ಹೆಬ್ಬೆರಳು ಅದನ್ನು ಮೀಟುವಷ್ಟರಲ್ಲಿ ಉಳಿದೆರಡು ಬೆರಳುಗಳಿಗೆ ಬಂದು ಕೂರಲು ಸಮಯ ಸಿಗುತ್ತದೆ. ನಿಮಿಷಕ್ಕೆ ಮೂವತ್ತು ದಾಟಿದ ಮೇಲೆ ಮೆಟ್ರೊನೋಮನ್ನು 50ಕ್ಕೆ ಇಟ್ಟು ಹಾಡಿಗೆ ಮರಳಿ. ಮುಂದಿನ ಧ್ವನಿಮುದ್ರಣವನ್ನು ಮೆಟ್ರೊನೋಮ್ ಇಲ್ಲದೆ ಮಾಡಿ, ಆರಂಭದಲ್ಲಿ ದಿನಾಂಕವನ್ನು ಬಾಯಲ್ಲಿ ಹೇಳಿ ಗುಂಪಿಗೆ ಕಳುಹಿಸಿ. ಹಳೆಯದನ್ನು ಅಳಿಸಬೇಡಿ, ಎರಡನ್ನೂ ಒಟ್ಟಿಗೆ ಕೇಳೋಣ.